ಮಳೆ ಅಷ್ಟೇ ಇದ್ದರೂ ಪಯಸ್ವಿನಿ ಬೇಗ ಬತ್ತುವುದೇಕೆ?

ಓದುಗರ ಪ್ರಶ್ನೆ: ಕಾಸರಗೋಡು ಜಿಲ್ಲೆಯ ಮುಳಿಯಾರು ಬಳಿ ಪಯಸ್ವಿನಿ ಹೊಳೆಯ ದಡದಲ್ಲಿ ನಮಗೆ ಎರಡು ಎಕರೆ ಅಡಿಕೆ ತೋಟವಿದೆ. ತಂದೆಯವರ ಕಾಲದಲ್ಲಿ ಏಪ್ರಿಲ್ ತಿಂಗಳಿನವರೆಗೂ ಹೊಳೆಯಲ್ಲಿ ಹರಿವು ಇರುತ್ತಿತ್ತು, ನೀರಿಗಾಗಿ ಮನೆಯ ಹಿಂದಿನ ಗುಡ್ಡೆಗೆ ಅಡ್ಡಲಾಗಿ ತೋಡಿದ ಸುರಂಗದ ನೀರು ವರ್ಷವಿಡೀ ಸಾಲುತ್ತಿತ್ತು. ಈಗ ಫೆಬ್ರವರಿ ಮುಗಿಯುವಷ್ಟರಲ್ಲಿ ಹೊಳೆಯ ಗುಂಡಿಗಳಲ್ಲಿ ಮಾತ್ರ ನೀರು ಉಳಿಯುತ್ತದೆ, ಸುರಂಗ ಮಾರ್ಚ್‌ನಲ್ಲಿ ನೂಲಿನಷ್ಟಾಗುತ್ತದೆ. ವರ್ಷದ ಮಳೆಯ ಲೆಕ್ಕ ನೋಡಿದರೆ ಅಂಥ ದೊಡ್ಡ ಕೊರತೆ ಕಾಣುವುದಿಲ್ಲ. ಹಾಗಾದರೆ ಇದು ಹವಾಮಾನ ಬದಲಾವಣೆಯ ಪರಿಣಾಮವೇ, ಸುತ್ತಲಿನ ಕೊಳವೆಬಾವಿಗಳ ಪರಿಣಾಮವೇ? ಮುಂದಿನ 20-30 ವರ್ಷಗಳಲ್ಲಿ ಏನಾದೀತು? ನಾವೂ ಒಂದು ಕೊಳವೆಬಾವಿ ತೆಗೆಸುವುದು ಸರಿಯೇ?

ಉತ್ತರ:

ಮಾನ್ಯರೇ, ನಿಮ್ಮ ಪ್ರಶ್ನೆಯಲ್ಲಿಯೇ ಅರ್ಧ ಉತ್ತರವಿದೆ. ವರ್ಷದ ಮಳೆ ಎಷ್ಟು ಎಂಬುದು ಒಂದು ಲೆಕ್ಕ, ಆ ನೀರು ಎಷ್ಟು ತಿಂಗಳು ನಮ್ಮ ನೆಲದಲ್ಲಿ ನಿಂತು ನಿಧಾನವಾಗಿ ಹೊಳೆಗೆ ಇಳಿಯುತ್ತದೆ ಎಂಬುದು ಇನ್ನೊಂದು ಲೆಕ್ಕ. ಮೊದಲನೆಯದನ್ನು ಮಳೆಮಾಪಕ ಹೇಳುತ್ತದೆ, ಎರಡನೆಯದನ್ನು ನಿಮ್ಮ ಸುರಂಗ ಹೇಳುತ್ತದೆ. ನಮ್ಮ ಜಲಾನಯನದಲ್ಲಿ ಹಾನಿಯಾಗಿರುವುದು ಮುಖ್ಯವಾಗಿ ಈ ಎರಡನೆಯ ಲೆಕ್ಕದಲ್ಲಿ. ಹವಾಮಾನ ಬದಲಾವಣೆಯೂ ನಾವು ನೆಲಕ್ಕೆ ಮಾಡಿದ್ದೂ ಅದೇ ಜಾಗದ ಮೇಲೆ ಒಟ್ಟಿಗೆ ಬಂದು ಬಿದ್ದಿವೆ.

ಮೊದಲು ಹೊಳೆಯ ಸ್ವಭಾವವನ್ನು ನೋಡೋಣ. ಕೊಡಗಿನ ಪಶ್ಚಿಮದ ಬೆಟ್ಟಗಳಲ್ಲಿ ಹುಟ್ಟಿ, ಸಂಪಾಜೆ, ಸುಳ್ಯ, ಜಾಲ್ಸೂರು, ಆದೂರು ಕಡೆಯಿಂದ ಇಳಿದು, ಕಾಸರಗೋಡಿನ ತಳಂಗರೆಯ ಹತ್ತಿರ ಅರಬ್ಬಿ ಸಮುದ್ರವನ್ನು ಸೇರುವ ಚಂದ್ರಗಿರಿ ಎಂದೂ ಕರೆಯುವ ಈ ಪಯಸ್ವಿನಿಯ ಉದ್ದ ಸುಮಾರು 105 ಕಿಲೋಮೀಟರು. ಜಿಲ್ಲೆಯ 12 ಹೊಳೆಗಳಲ್ಲಿ ಇದೇ ಉದ್ದದ್ದು. ಜಲಾನಯನದ ಅರ್ಧಕ್ಕಿಂತ ಹೆಚ್ಚು ಭಾಗ ಕರ್ನಾಟಕದಲ್ಲಿದೆ, ಉಳಿದದ್ದು ಕೇರಳದಲ್ಲಿ. ಇದಕ್ಕೆ ಹಿಮಾಲಯದ ನದಿಗಳಂತೆ ಕರಗಿ ಬರುವ ಹಿಮವಿಲ್ಲ, ಕಾವೇರಿಗಿರುವಂಥ ದೊಡ್ಡ ಜಲಾಶಯವೂ ಇಲ್ಲ. ಕಾಸರಗೋಡಿನಲ್ಲಿ ವರ್ಷಕ್ಕೆ ಸರಾಸರಿ 3500 ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ, ಆದರೆ ಅದರ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಮುಗಿದುಹೋಗುತ್ತದೆ. ತಿರುವನಂತಪುರದ ಕಡೆಯವರಿಗೆ ಅಕ್ಟೋಬರ್-ನವೆಂಬರಿನ ತುಲಾವರ್ಷವೂ ಬೇಸಿಗೆಯ ಮಳೆಯೂ ಚೆನ್ನಾಗಿ ಸಿಗುತ್ತವೆ. ಕೇರಳದ ಉತ್ತರದ ತುದಿಯಲ್ಲಿರುವ ನಮಗೆ ಅವುಗಳ ಪಾಲು ಕಡಿಮೆ. ನವೆಂಬರ್ ಮಧ್ಯದಿಂದ ಮೇ ತಿಂಗಳಿನವರೆಗೆ, ಅಂದರೆ ಆರು ತಿಂಗಳ ಕಾಲ, ಹೊಳೆಯಲ್ಲಿ ಹರಿಯುವ ಒಂದೊಂದು ಬೊಗಸೆ ನೀರೂ ಗುಡ್ಡೆಯೊಳಗಿಂದ ಬಂದದ್ದು. ಈ ಹೊಳೆಯ ಜಲಾಶಯವೆಂದರೆ ಗುಡ್ಡೆಯೇ.

ಆ ಜಲಾಶಯದ ಒಳಗಿನ ರಚನೆಯನ್ನು ಸುರಂಗ ತೋಡಿದ ಹಿರಿಯರು ನಮ್ಮಂಥವರಿಗಿಂತ ಮೊದಲೇ ಬಲ್ಲವರಾಗಿದ್ದರು. ಮೇಲೆ ಪದವಿನ (ಗುಡ್ಡೆಯ ತಲೆಯ ಸಪಾಟು ನೆಲದ) ಗಟ್ಟಿ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಹೆಪ್ಪು, ಅದರ ಕೆಳಗೆ ತೂತು ತೂತಾದ ಮೆದು ಮುರ, ಅದಕ್ಕೂ ಕೆಳಗೆ ಬಿಳಿ-ನಸುಗೆಂಪಿನ ಶೇಡಿ ಮಣ್ಣು, ತಳದಲ್ಲಿ ಕಪ್ಪು ಬಂಡೆ. ಮಳೆನೀರು ಬಿರುಕುಗಳಲ್ಲಿಯೂ ಗುಡ್ಡೆಯ ಇಳಿಜಾರಿನ ಮೆದುಮಣ್ಣಿನಲ್ಲಿಯೂ ಇಳಿದು, ಸುಲಭವಾಗಿ ಕೆಳಕ್ಕೆ ಬಿಡದ ಶೇಡಿಯ ಮೇಲೆ ನಿಂತು, ಬದಿಗೆ ಸರಿಯುತ್ತಾ ಸರಿಯುತ್ತಾ ಬೈಲಿನ (ಗುಡ್ಡೆಗಳ ನಡುವಿನ ತಗ್ಗು ಗದ್ದೆನೆಲದ) ಅಂಚಿನಲ್ಲಿ ಒರತೆಯಾಗಿ ಹೊರಬರುತ್ತದೆ. ಒಬ್ಬ ಆಳು ಹೋಗುವಷ್ಟು ಅಗಲದಲ್ಲಿ ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ತೋಡಿದ ಸುರಂಗವು ಹೀಗೆ ಬದಿಗೆ ಸರಿಯುವ ನೀರನ್ನೇ ಹಿಡಿಯುತ್ತದೆ. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಒಂಟಿಯಾಗಿ ಸುರಂಗಗಳನ್ನು ತೋಡಿ ಬೋಳು ಗುಡ್ಡೆಯನ್ನು ಅಡಿಕೆ ತೋಟ ಮಾಡಿದ್ದಕ್ಕೆ 2022ರಲ್ಲಿ ಪದ್ಮಶ್ರೀ ಗೌರವ ಬಂದದ್ದು ನಿಮಗೆ ನೆನಪಿರಬಹುದು. ಮುರಕಲ್ಲಿಗೆ ಒಂದು ದೊಡ್ಡ ದೋಷವೂ ಇದೆ. ಅದು ನೀರನ್ನು ಬೇಗ ಕುಡಿಯುತ್ತದೆ, ಬೇಗ ಬಿಟ್ಟೂ ಕೊಡುತ್ತದೆ. ಆಗಸ್ಟಿನಲ್ಲಿ ತುಂಬಿ ತುಳುಕುವ ನಮ್ಮ ತೋಡುಬಾವಿಗಳು ಏಪ್ರಿಲ್‌ನಲ್ಲಿ ತಳ ಕಾಣುವುದು ಇದರಿಂದಲೇ. ಆದುದರಿಂದ ಈ ಜಲಾಶಯಕ್ಕೆ ಮಳೆ ಒಂದೇ ಸಲ ಸುರಿದು ಹೋದರೆ ಸಾಲದು. ಸೆಪ್ಟೆಂಬರ್ ಕೊನೆಯವರೆಗೂ, ಸಾಧ್ಯವಾದರೆ ಅಕ್ಟೋಬರಿನಲ್ಲೂ, ಬಿಟ್ಟು ಬಿಟ್ಟು ಬೀಳುತ್ತಿರಬೇಕು.

ಈಗ ಹವಾಮಾನ ಬದಲಾವಣೆಯ ವಿಷಯಕ್ಕೆ ಬರುತ್ತೇನೆ. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ಸುಮಾರು ಶೇಕಡಾ 7ರಷ್ಟು ಹೆಚ್ಚುತ್ತದೆ. ಇದು ಭೌತಶಾಸ್ತ್ರದ ನಿಯಮ, ಯಾರ ಅಭಿಪ್ರಾಯವೂ ಅಲ್ಲ. ಭಾರತ ಸರಕಾರದ ಭೂವಿಜ್ಞಾನ ಸಚಿವಾಲಯವು 2020ರಲ್ಲಿ ಪ್ರಕಟಿಸಿದ ಮೌಲ್ಯಮಾಪನದ ಪ್ರಕಾರ 1901ರಿಂದ 2018ರ ನಡುವೆ ದೇಶದ ಸರಾಸರಿ ಉಷ್ಣತೆ ಸುಮಾರು 0.7 ಡಿಗ್ರಿ ಏರಿದೆ. ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ 1951ರಿಂದ 2015ರೊಳಗೆ ಸುಮಾರು ಒಂದು ಡಿಗ್ರಿ ಬಿಸಿಯಾಗಿದೆ. ಅದೇ ಅವಧಿಯಲ್ಲಿ ದೇಶದ ಮುಂಗಾರು ಮಳೆ ಒಟ್ಟಾರೆ ಶೇಕಡಾ 6ರಷ್ಟು ಇಳಿದಿದ್ದು, ಆ ಇಳಿಕೆ ಎದ್ದು ಕಾಣುವ ಎರಡು ಪ್ರದೇಶಗಳಲ್ಲಿ ಗಂಗಾ ಬಯಲು ಒಂದು, ನಮ್ಮ ಪಶ್ಚಿಮ ಘಟ್ಟ ಇನ್ನೊಂದು. ಬಿಸಿಯಾದ ಸಮುದ್ರದ ಪಕ್ಕದಲ್ಲಿಯೇ ಮಳೆ ಇಳಿಯಿತೆಂದರೆ ಆಶ್ಚರ್ಯವೆನಿಸಬಹುದು. ಮುಂಗಾರಿನ ಗಾಳಿಯನ್ನು ಎಳೆದು ತರುವುದು ನೆಲ ಮತ್ತು ಸಮುದ್ರದ ಉಷ್ಣತೆಯ ನಡುವಿನ ಅಂತರ. ಸಮುದ್ರ ಬಿಸಿಯಾದಷ್ಟೂ ಆ ಅಂತರ ಕುಗ್ಗುತ್ತದೆ. ಕಲ್ಲಿದ್ದಲು, ಡೀಸೆಲ್, ಕೃಷಿತ್ಯಾಜ್ಯದ ಹೊಗೆಯ ಕಣಗಳು ಬಿಸಿಲನ್ನು ತಡೆದು ನೆಲವನ್ನು ತುಸು ತಂಪಾಗಿಸಿರುವುದೂ ಅದೇ ದಿಕ್ಕಿನಲ್ಲಿ ಕೆಲಸ ಮಾಡಿದೆ.

ಮೊತ್ತದ ಈ ಇಳಿಕೆಗಿಂತ ನಾನು ಹೆಚ್ಚು ಗಂಭೀರವೆಂದು ತಿಳಿಯುವುದು ಮಳೆ ಬೀಳುವ ರೀತಿಯ ಬದಲಾವಣೆಯನ್ನು. ನಮ್ಮ ಕಡೆಯ ಮುಂಗಾರೆಂದರೆ ಎತ್ತರಕ್ಕೇರದ ಮೋಡಗಳಿಂದ ದಿನಗಟ್ಟಲೆ ಹಿಡಿದು ಸುರಿಯುವ ಮಳೆ. ಆಟಿ ತಿಂಗಳಿನಲ್ಲಿ (ಜುಲೈ-ಆಗಸ್ಟ್) ಮನೆಯಿಂದ ಹೊರಬೀಳಲಾಗದ ಆ ಜಡಿಮಳೆಯೇ ಗುಡ್ಡೆಯನ್ನು ತುಂಬಿಸುತ್ತಿದ್ದದ್ದು. ಈಗ ಗುಡುಗು-ಮಿಂಚಿನೊಡನೆ ಬಹಳ ಎತ್ತರಕ್ಕೆ ಬೆಳೆಯುವ ಮೋಡಗಳು ಮುಂಗಾರಿನ ನಡುವೆಯೂ ಕಾಣಿಸಿಕೊಳ್ಳುತ್ತಿವೆ. 2019ರ ಆಗಸ್ಟಿನ ಕೇರಳದ ಪ್ರವಾಹವನ್ನು ಅಧ್ಯಯನ ಮಾಡಿದ ಕೊಚ್ಚಿನ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇದನ್ನು ಗುರುತಿಸಿದ್ದಾರೆ. ಇಂಥ ಮೋಡ ಎರಡು ಮೂರು ಗಂಟೆಗಳಲ್ಲಿ ಸುರಿಯುವ ನೀರನ್ನು ಹಳೆಯ ಜಡಿಮಳೆ ನಾಲ್ಕು ದಿನ ತೆಗೆದುಕೊಂಡು ಸುರಿಯುತ್ತಿತ್ತು. ನೂರು ಮಿಲಿಮೀಟರು ನಾಲ್ಕು ದಿನಗಳಲ್ಲಿ ಬಿದ್ದರೆ ಗುಡ್ಡೆ ಅದರ ದೊಡ್ಡ ಪಾಲನ್ನು ಕುಡಿಯುತ್ತದೆ. ಅದೇ ನೂರು ಮಿಲಿಮೀಟರು ಮೂರು ಗಂಟೆಗಳಲ್ಲಿ ಬಿದ್ದರೆ ತೋಡು (ಸಣ್ಣ ಹಳ್ಳ) ಕೆಂಪಾಗಿ ಉಕ್ಕುತ್ತದೆ, ಮರುದಿನ ಇಳಿಯುತ್ತದೆ, ಆ ನೀರು ಹೊಳೆ ಹಿಡಿದು ಸಮುದ್ರಕ್ಕೆ ಸೇರಿರುತ್ತದೆ. ಮಳೆಮಾಪಕದ ಪುಸ್ತಕದಲ್ಲಿ ಮಾತ್ರ ಎರಡೂ ಒಂದೇ ಅಂಕಿಯಾಗಿ ದಾಖಲಾಗುತ್ತವೆ. ನಿಮಗೆ ಮಳೆಯ ಲೆಕ್ಕದಲ್ಲಿ ಕೊರತೆ ಕಾಣದಿದ್ದುದಕ್ಕೆ ಇದು ಮೊದಲ ಕಾರಣ.

ಅತಿಮಳೆಯ ಇನ್ನೊಂದು ಪರಿಣಾಮವನ್ನು ಪಯಸ್ವಿನಿಯೇ ಕಂಡಿದೆ. 2018ರಲ್ಲಿ ಜೂನ್ 1ರಿಂದ ಆಗಸ್ಟ್ 19ರವರೆಗೆ ಕೇರಳದಲ್ಲಿ ವಾಡಿಕೆಗಿಂತ ಶೇಕಡಾ 42ರಷ್ಟು ಹೆಚ್ಚು ಮಳೆಯಾಯಿತು. ಅದೇ ಆಗಸ್ಟಿನ ಮಧ್ಯದಲ್ಲಿ ಹೊಳೆಯ ಮೇಲ್ಭಾಗದ ಜೋಡುಪಾಲದಲ್ಲಿ ಗುಡ್ಡ ಜರಿದು ಮನೆಗಳೂ ಮನುಷ್ಯರೂ ಕೊಚ್ಚಿಹೋದರು. ಜರಿದ ಮಣ್ಣು, ಮರ, ಬಂಡೆ ಹೊಳೆಗೆ ಇಳಿದವು. ಕಣಿವೆಯ ಜನರ ದುಃಖದ ಎದುರು ನೀರಿನ ಲೆಕ್ಕ ಸಣ್ಣದು, ಆದರೂ ಹೇಳಬೇಕಾಗಿದೆ: ಹೀಗೆ ಬಂದ ಹೂಳು ಹೊಳೆಯ ಆಳದ ಗುಂಡಿಗಳನ್ನು ತುಂಬಿಸುತ್ತದೆ. ಬೇಸಿಗೆಯಲ್ಲಿ ಮೀನಿಗೂ ದನಕ್ಕೂ ಪಂಪಿಗೂ ಕೊನೆಯ ಆಸರೆಯಾಗುವುದು ಆ ಗುಂಡಿಗಳೇ. ಬಿರುಮಳೆಯಲ್ಲಿ ಕೊಚ್ಚಿಹೋಗುವ ಮೇಲ್ಮಣ್ಣಿನೊಂದಿಗೆ ನೀರು ಕುಡಿಯುವ ಗುಡ್ಡೆಯ ಶಕ್ತಿಯೂ ಅಷ್ಟಷ್ಟೇ ಹೋಗುತ್ತದೆ.

ಇನ್ನು ಬೇಸಿಗೆಯ ಬದಿ. ಬಿಸಿಗಾಳಿ ಎಲೆಯಿಂದಲೂ ಮಣ್ಣಿನಿಂದಲೂ ಹೊಳೆಯ ಮೈಯಿಂದಲೂ ಹೆಚ್ಚು ನೀರನ್ನು ಹೀರುತ್ತದೆ. ನೀರಾವಿ ಹಿಡಿಯುವ ಶಕ್ತಿ ಶೇಕಡಾ 7ರಂತೆ ಏರುವಾಗ ಕರಾವಳಿಯಲ್ಲಿ ಮಳೆಗಾಲದಲ್ಲಿ ಆರ್ದ್ರತೆಯೂ ಜೊತೆಗೇ ಏರುತ್ತದೆ. ಆದರೆ ಘಟ್ಟದ ಬುಡದ ಒಣ ಫೆಬ್ರವರಿಯಲ್ಲಿ, ಮಧ್ಯಾಹ್ನದ ಗಾಳಿಯಲ್ಲಿ, ಹಾಗೆ ತುಂಬಿಕೊಡಲು ನೀರು ಎಲ್ಲಿದೆ? ಅಡಿಕೆಯ ಬೇರು ಮೇಲ್ಮಣ್ಣಿನಲ್ಲಿಯೇ ಹರಡಿರುವುದರಿಂದ ಅದಕ್ಕೆ ಕಾದು ಕೂರುವ ಶಕ್ತಿ ಇಲ್ಲ. ಹೊಳೆಯ ಪೂರೈಕೆ ಕಡಿಮೆಯಾಗುವ ತಿಂಗಳಲ್ಲಿಯೇ ತೋಟದ ಬೇಡಿಕೆ ಏರುತ್ತದೆ, ಎರಡೂ ದಡಗಳಲ್ಲಿ ಪಂಪುಗಳು ಒಟ್ಟಿಗೆ ಓಡುತ್ತವೆ. ನೀವು ಹೇಳಿದ ಫೆಬ್ರವರಿ ಕೊನೆಯ ಬತ್ತುವಿಕೆಯಲ್ಲಿ ಇದರ ಪಾಲು ಸಣ್ಣದಲ್ಲ.

ವರ್ಷದಿಂದ ವರ್ಷಕ್ಕೆ ಬರುವ ಏರಿಳಿತವೂ ದೊಡ್ಡದಾಗುತ್ತಿದೆ. 2016ರಲ್ಲಿ ಕೇರಳದ ಮುಂಗಾರು ಶೇಕಡಾ 34ರಷ್ಟು, ಹಿಂಗಾರು ಶೇಕಡಾ 62ರಷ್ಟು ಕಡಿಮೆಯಾಯಿತು. ಎರಡು ವರ್ಷ ಕಳೆದು ಮಹಾಪ್ರವಾಹ ಬಂತು. 2023ರಲ್ಲಿ ಮತ್ತೆ ಮುಂಗಾರಿನಲ್ಲಿ ಶೇಕಡಾ 34ರ ಕೊರತೆ, ಆ ವರ್ಷದ ಆಗಸ್ಟ್ 1901ರಿಂದ ಈಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್. 2023ರಲ್ಲಿ ಮುಂಗಾರು ಕೇರಳವನ್ನು ಮುಟ್ಟಿದ್ದು ಜೂನ್ 8ಕ್ಕೆ, 2025ರಲ್ಲಿ ಮೇ 24ಕ್ಕೆ. ಮೇ ಕೊನೆಯ ವಾರದ ಪತ್ತನಾಜೆಯನ್ನು ಗಡುವಾಗಿಟ್ಟುಕೊಂಡು ಕೆಲಸ ಜೋಡಿಸುತ್ತಿದ್ದ ಊರಿನಲ್ಲಿ ಎರಡು ವಾರದ ಈ ಜೋಲಾಟವನ್ನು ಹೊಂದಿಸಿಕೊಳ್ಳುವುದು ಸುಲಭವಲ್ಲ. ಹತ್ತು ವರ್ಷಗಳ ಸರಾಸರಿ ತೆಗೆದರೆ ಈ ವರ್ಷಗಳೆಲ್ಲ ಒಂದನ್ನೊಂದು ತೂಗಿ ಸಮವಾಗಿ ಕಾಣುತ್ತವೆ. ಬಾವಿಯ ಮಟ್ಟಿಗೆ ಆ ಸರಾಸರಿ ನಡೆಯುವುದಿಲ್ಲ, ಏಕೆಂದರೆ 2018ರ ಪ್ರವಾಹದ ನೀರನ್ನು 2023ಕ್ಕೆಂದು ಎತ್ತಿಡುವ ಜಾಗ ಮುರಕಲ್ಲಿನಲ್ಲಿಲ್ಲ.

ನೀವು ಕೇಳದಿದ್ದರೂ ಹೊಳೆಯ ಕೆಳತುದಿಯ ಸಂಗತಿಯನ್ನು ಹೇಳಿಬಿಡುತ್ತೇನೆ. ಕಾಸರಗೋಡು ಪಟ್ಟಣಕ್ಕೆ ನೀರು ಕೊಡುವ ಬಾವಿಕ್ಕರೆಯಲ್ಲಿ ಎಷ್ಟೋ ವರ್ಷ ಬೇಸಿಗೆ ಬಂತೆಂದರೆ ಮರಳಿನ ಚೀಲದ ತಾತ್ಕಾಲಿಕ ಒಡ್ಡು ಕಟ್ಟಬೇಕಾಗಿತ್ತು, ಅದು ತಡವಾದ ಅಥವಾ ಒಡೆದ ವರ್ಷ ನಳ್ಳಿಯಲ್ಲಿ ಉಪ್ಪುನೀರು ಬರುತ್ತಿತ್ತು. ಈಗ ಅಲ್ಲಿ ಶಾಶ್ವತ ಕಟ್ಟೆ ಆಗಿದೆ. ಮೇಲಿನಿಂದ ಸಿಹಿನೀರಿನ ತಳ್ಳು ಕಡಿಮೆಯಾದಷ್ಟೂ ಭರತದ ಉಪ್ಪುನೀರು ಹೊಳೆಯೊಳಗೆ ಮುಂದೆ ಬರುತ್ತದೆ, ಸಿಹಿಗಿಂತ ಭಾರವಾದ್ದರಿಂದ ತಳದಲ್ಲಿಯೇ ನುಸುಳಿ ಬರುತ್ತದೆ. ಉತ್ತರ ಹಿಂದೂ ಮಹಾಸಾಗರದ ಮಟ್ಟ 1993ರಿಂದ 2017ರವರೆಗೆ ವರ್ಷಕ್ಕೆ ಸುಮಾರು 3.3 ಮಿಲಿಮೀಟರಿನಂತೆ ಏರಿದೆ. ಕರಾವಳಿಯ ಮರಳುನೆಲದ ಬಾವಿಗಳಲ್ಲಿ ಇದರ ಲೆಕ್ಕ ಇನ್ನೂ ಸೂಕ್ಷ್ಮ: ಸಮುದ್ರಮಟ್ಟಕ್ಕಿಂತ ಒಂದು ಮೀಟರು ಎತ್ತರಕ್ಕಿರುವ ಸಿಹಿನೀರು ತನ್ನ ಕೆಳಗೆ ಸುಮಾರು 40 ಮೀಟರು ಆಳದವರೆಗೆ ಉಪ್ಪುನೀರನ್ನು ಒತ್ತಿಹಿಡಿದಿರುತ್ತದೆ. ಮೇಲಿನ ಆ ಮಟ್ಟ ಒಂದು ಅಡಿ ತಗ್ಗಿದರೆ ಕೆಳಗಿನಿಂದ ಉಪ್ಪು ಅದರ ನಲವತ್ತು ಪಟ್ಟು ಮೇಲೇರಲು ದಾರಿಯಾಗುತ್ತದೆ. ಮುಳಿಯಾರಿನಲ್ಲಿ ನೀವು ಎತ್ತುವ ನೀರಿಗೂ ಹೊಳೆಯ ಕೆಳತುದಿಯ ಚೆಮ್ನಾಡಿನ ಬಾವಿಯ ರುಚಿಗೂ ಈ ಮೂಲಕ ಸಂಬಂಧವಿದೆ.

ಇಷ್ಟನ್ನೂ ಹವಾಮಾನ ಬದಲಾವಣೆಯ ಹೆಸರಿಗೆ ಬರೆದು ಮುಗಿಸಿದರೆ ನಾನು ನಿಮಗೆ ಪೂರ್ಣ ಸತ್ಯ ಹೇಳಿದಂತಾಗುವುದಿಲ್ಲ. ಸುರಂಗಗಳ ಸೊರಗುವಿಕೆಯಲ್ಲಿ ನಮ್ಮ ಕೈಯ ಪಾಲು ಹವಾಮಾನದ ಪಾಲಿಗಿಂತ ಕಡಿಮೆಯೇನಲ್ಲ ಎಂಬುದು ನನ್ನ ಅಭಿಪ್ರಾಯ. ಹಿಂದೆ ಬೈಲಿನಲ್ಲಿ ಏಣೇಲು, ಸುಗ್ಗಿ, ನೀರಿದ್ದ ಕಡೆ ಕೊಳಕೆಯೂ ಸೇರಿ ಮೂರು ಬೆಳೆ ಭತ್ತ ಬೆಳೆಯುತ್ತಿದ್ದರು. ಬದು ಕಟ್ಟಿದ ಒಂದೊಂದು ಗದ್ದೆಯೂ ತಿಂಗಳುಗಟ್ಟಲೆ ನೀರು ನಿಲ್ಲುವ ತೆಳುವಾದ ಕೆರೆಯಾಗಿತ್ತು, ಜಡಿಮಳೆಯಲ್ಲದೆ ಬಿರುಮಳೆಯನ್ನೂ ತಡೆದು ನೆಲಕ್ಕೆ ಇಳಿಸುತ್ತಿತ್ತು. ಕೇರಳದಲ್ಲಿ 1970ರ ದಶಕದ ಮಧ್ಯದಲ್ಲಿ 8 ಲಕ್ಷ ಹೆಕ್ಟೇರಿಗಿಂತ ಹೆಚ್ಚಿದ್ದ ಭತ್ತದ ನೆಲ ಈಗ 2 ಲಕ್ಷದ ಆಸುಪಾಸಿಗೆ ಇಳಿದಿದೆ. ನಮ್ಮ ಕಡೆಯ ಗದ್ದೆಗಳು ಅಡಿಕೆ ತೋಟವಾದಾಗ ನೀರು ನಿಲ್ಲಿಸುವ ಬದು ಹೋಗಿ ನೀರು ಹೊರಹಾಕುವ ಉಜಿರುಕಣಿ ಬಂತು. ಅಡಿಕೆಗೆ ಅದು ಬೇಕು, ನಾನು ತಪ್ಪೆನ್ನುತ್ತಿಲ್ಲ. ಆದರೆ ಬೈಲಿನ ಕೆಲಸ ತಿರುಗುಮುರುಗಾಯಿತು. ಮಳೆನೀರು ನಿಲ್ಲಿಸುವ ಕೆರೆಗಳಾದ ಮದಕಗಳು ಹೂಳು ತುಂಬಿ ಆಟದ ಬಯಲಾದವು. ಪದವಿನ ಮುರಕಲ್ಲನ್ನು ಯಂತ್ರದಲ್ಲಿ ಕೊಯ್ದು ತೆಗೆದ ಕೋರೆಗಳಲ್ಲಿ ಗುಡ್ಡೆಯ ನೀರುಗೂಡೇ ಲಾರಿ ಹತ್ತಿ ಹೋಯಿತು. ಕೇಂದ್ರ ಅಂತರ್ಜಲ ಮಂಡಳಿಯ 2017ರ ಮೌಲ್ಯಮಾಪನದಲ್ಲಿ ನಿಮಗೆ ತಾಗಿಕೊಂಡೇ ಇರುವ ಕಾಸರಗೋಡು ಬ್ಲಾಕು ಗಂಭೀರ ಸ್ಥಿತಿಯ ವರ್ಗದಲ್ಲಿತ್ತು, ಅಂದರೆ ವರ್ಷಕ್ಕೆ ತೆಗೆಯಬಹುದಾದ ಅಂತರ್ಜಲದ ಶೇಕಡಾ 90ಕ್ಕಿಂತ ಹೆಚ್ಚನ್ನು ತೆಗೆದಾಗಿತ್ತು. ಮೂರೂವರೆ ಸಾವಿರ ಮಿಲಿಮೀಟರು ಮಳೆಯ ಊರಿಗೆ ಈ ಸ್ಥಿತಿ ಬಂದದ್ದನ್ನು ನೆನೆದಾಗ ನನಗೆ ಸಂಕಟವಾಗುತ್ತದೆ.

ಹೀಗಿರುವಾಗ ಕೊಳವೆಬಾವಿ ತೆಗೆಸಬಹುದೇ? ತೆಗೆಸಬೇಡಿ ಎಂಬುದು ನನ್ನ ಸ್ಪಷ್ಟ ಉತ್ತರ. ಕಪ್ಪು ಬಂಡೆಯಲ್ಲಿ ನೀರಿರುವುದು ಅದರ ಬಿರುಕುಗಳಲ್ಲಿ ಮಾತ್ರ. ಬಿರುಕು ಸಿಕ್ಕರೆ ನೀರು, ಸಿಗದಿದ್ದರೆ ಹಣ ಹೋಯಿತು. ಸಿಕ್ಕರೂ ಆ ಬಿರುಕಿಗೆ ನೀರು ಬರುವುದು ಮೇಲಿನ ಮುರ ಮತ್ತು ಶೇಡಿಯ ಪದರದಿಂದಲೇ. ಹಾಗಾಗಿ ಕೊಳವೆಬಾವಿಯು ನಿಮ್ಮ ಸುರಂಗಕ್ಕೂ ನೆರೆಯವರ ತೋಡುಬಾವಿಗೂ ಬರಬೇಕಾದ ನೀರನ್ನು ಕೆಳಗಿನಿಂದ ಎಳೆಯುತ್ತದೆ, ಹೊಸ ನೀರನ್ನು ತರುವುದಿಲ್ಲ. ಮೊದಲ ಎರಡು ಮೂರು ಬೇಸಿಗೆ ಸಮೃದ್ಧಿ ಕಂಡು, ಆ ಧೈರ್ಯದಲ್ಲಿ ಗುಡ್ಡೆಯ ಮೇಲಕ್ಕೂ ಅಡಿಕೆ ನೆಟ್ಟು, ಐದಾರನೆಯ ವರ್ಷ ಇನ್ನೂ ಆಳದ ಬಾವಿಗೆ ಸಾಲ ಹುಡುಕುವ ಕುಟುಂಬಗಳನ್ನು ಈ ಗಡಿನಾಡಿನ ಎಲ್ಲ ಪಂಚಾಯತುಗಳಲ್ಲಿಯೂ ನೋಡಬಹುದು. ಕುಡಿಯುವ ನೀರಿಗೆ ಬೇರೆ ದಾರಿಯೇ ಇಲ್ಲದವರ ಮಾತು ಬೇರೆ. ತೋಟಕ್ಕಾಗಿ, ಅದೂ ಹೊಳೆಯ ದಡದಲ್ಲಿ ತೋಟವಿರುವ ನಿಮಗೆ, ಅದರ ಅಗತ್ಯವಿಲ್ಲ.

ಅಗತ್ಯವಿಲ್ಲವೆಂದು ಏಕೆ ಹೇಳಿದೆನೆಂದರೆ ಲೆಕ್ಕ ಹಾಗಿದೆ. ಒಂದು ಎಕರೆಯ ಮೇಲೆ ವರ್ಷಕ್ಕೆ 3500 ಮಿಲಿಮೀಟರು ಬಿದ್ದರೆ ಅದು ಸುಮಾರು 1 ಕೋಟಿ 40 ಲಕ್ಷ ಲೀಟರು. ಎರಡೂ ಮುಕ್ಕಾಲು ಮೀಟರು ಅಂತರದಲ್ಲಿ ನೆಟ್ಟ ಎಕರೆ ತೋಟದಲ್ಲಿ ಸುಮಾರು 550 ಅಡಿಕೆ ಮರಗಳಿರುತ್ತವೆ. ಬುಡಕ್ಕೆ ನೀರು ಬಿಡುವ ಪದ್ಧತಿಯಲ್ಲಿ ಕಡುಬೇಸಿಗೆಯಲ್ಲಿ ನಾಲ್ಕು ದಿನಕ್ಕೊಮ್ಮೆ ಮರಕ್ಕೆ 175 ಲೀಟರಿನಂತೆ ಕೊಟ್ಟರೆ ಐದು ತಿಂಗಳಿಗೆ 36 ಲಕ್ಷ ಲೀಟರು ಬೇಕಾಗುತ್ತದೆ. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರು ಸಾಕೆಂಬುದು ಶಿಫಾರಸು. 18 ಲೀಟರೆಂದು ಹಿಡಿದರೆ ಐದು ತಿಂಗಳಿಗೆ ಸುಮಾರು 15 ಲಕ್ಷ. ಅಂದರೆ ತೋಟದ ಮೇಲೆಯೇ ಬೀಳುವ ಮಳೆಯ ಹತ್ತನೆಯ ಒಂದು ಪಾಲಿಗಿಂತ ತುಸು ಹೆಚ್ಚು. ಹಾಗಾಗಿ ನೀವು ಮೊದಲು ಹಣ ಹಾಕಬೇಕಾದದ್ದು ಹನಿ ಕೊಳವೆಗೆ. ಬುಡಕ್ಕೆ ಸೋಗೆ, ಹಾಳೆ, ಸೊಪ್ಪು ದಪ್ಪವಾಗಿ ಹೊದಿಸಿ, ಉಜಿರುಕಣಿಯ ಬಾಯಿಗೆ ಅಕ್ಟೋಬರ್ ಕೊನೆಯಲ್ಲಿ ಮಣ್ಣಿನ ತಡೆ ಇಡಿ. ಮಳೆಗಾಲದಲ್ಲಿ ನೀರು ಹೊರಹಾಕಬೇಕಾದ ಕಣಿಯೇ ಬೇಸಿಗೆಯ ಹೊತ್ತಿಗೆ ನೀರು ತಡೆದು ಕೊಡುತ್ತದೆ. ಸ್ಪ್ರಿಂಕ್ಲರ್ ಬಳಸುವವರು ಮಧ್ಯಾಹ್ನದ ಬಿಸಿಲಿಗೆ ಹಚ್ಚುವುದನ್ನು ಬಿಟ್ಟರೂ ಉಳಿತಾಯ ಕಣ್ಣಿಗೆ ಕಾಣುವಷ್ಟಿರುತ್ತದೆ.

ಎರಡನೆಯದು ಕಟ್ಟ. ಕಲ್ಲು, ಮಣ್ಣು, ಅಡಿಕೆ ಮರದ ಸಲಾಕೆಗಳಿಂದ ತೋಡಿಗೂ ಹೊಳೆಗೂ ಅಡ್ಡಲಾಗಿ ಪ್ರತಿ ವರ್ಷ ಕಟ್ಟಿ, ಮುಂದಿನ ಮಳೆಗೆ ಬಿಟ್ಟುಕೊಡುವ ಈ ವಿದ್ಯೆ ನಮ್ಮಲ್ಲಿ ಇಂದಿಗೂ ಜೀವಂತವಿದೆ. ಶಿರಿಯಾ ಹೊಳೆಯ ಮೇಲ್ಭಾಗದ ಏತಡ್ಕದಲ್ಲಿ ಒಂದರ ಹಿಂದೆ ಒಂದರಂತೆ ಸಾಲುಕಟ್ಟಗಳನ್ನು ನೆರೆಯವರು ಸೇರಿ ಕಟ್ಟುತ್ತಾ ಬಂದಿದ್ದಾರೆ, ಹೋಗಿ ನೋಡಿಬನ್ನಿ. ಕಟ್ಟದ ಹಿಂದೆ ನಿಂತು ಕಾಣುವ ನೀರು ಅದರ ಲಾಭದ ಸಣ್ಣ ಪಾಲು ಮಾತ್ರ. ಹೊಳೆಯ ಮಟ್ಟ ಒಂದೂವರೆ ಮೀಟರು ಏರಿದರೆ ದಡದ ನೆಲದೊಳಗಿಂದ ಹೊಳೆಗೆ ಸೋರುವ ನೀರು ಅಷ್ಟರಮಟ್ಟಿಗೆ ತಡೆದು ನಿಲ್ಲುತ್ತದೆ, ಎರಡೂ ಬದಿಯ ಬಾವಿಗಳ ಮಟ್ಟ ಉಳಿಯುತ್ತದೆ, ಒರತೆ ಇನ್ನಷ್ಟು ವಾರ ಬಾಳುತ್ತದೆ. ಬದಲಾದ ಹವಾಮಾನದಲ್ಲಿ ಕಟ್ಟದ ಕಷ್ಟವಿರುವುದು ದಿನ ಗೊತ್ತುಮಾಡುವುದರಲ್ಲಿ. ತಡಮಾಡಿದರೆ ತಡೆಯಲು ಹರಿವೇ ಇರುವುದಿಲ್ಲ, ಬೇಗ ಕಟ್ಟಿದರೆ ಅರಬ್ಬಿ ಸಮುದ್ರದ ವಾಯುಭಾರ ಕುಸಿತದಿಂದ ಬರುವ ಅಕಾಲ ಮಳೆ ಒಂದೇ ರಾತ್ರಿಯಲ್ಲಿ ಕೊಚ್ಚಿಕೊಂಡು ಹೋಗುತ್ತದೆ. 2021ರ ಜನವರಿಯಲ್ಲಿ ಮಳೆ ಬಂದದ್ದನ್ನು ಒಣಗಲು ಹಾಕಿದ ಅಡಿಕೆ ನೆನೆದವರು ಯಾರೂ ಮರೆತಿರಲಾರರು. ಹಲಗೆ ತೆಗೆದು ಹಾಕಬಹುದಾದ ಕಿಂಡಿ ಅಣೆಕಟ್ಟು ಈ ಕಾರಣಕ್ಕಾಗಿ ಮೇಲು. ಆದರೆ ಹಲಗೆ ಹಾಕುವವರು ಯಾರು, ಮಳೆಯ ಮುನ್ಸೂಚನೆ ಬಂದ ರಾತ್ರಿ ತೆಗೆಯುವವರು ಯಾರು ಎಂಬುದು ಮೊದಲೇ ಗೊತ್ತಾಗಿರಬೇಕು. ಈ ಒಂದು ವಿಷಯ ತೀರ್ಮಾನವಾಗದೆ ಹಲಗೆ ಹಾಕದೆಯೇ ಬೇಸಿಗೆ ಕಳೆಯುವ ಕಿಂಡಿ ಅಣೆಕಟ್ಟುಗಳು ಕಡಿಮೆಯಿಲ್ಲ.

ಗುಡ್ಡೆಯ ಮೇಲೆ ನೀರಿಂಗಿಸುವ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಇಂಗುಗುಂಡಿ ಒಳ್ಳೆಯದೆಂಬ ಮಾತು ಎಲ್ಲೆಡೆ ಹರಡಿದೆ, ಸಪಾಟಾದ ಪದವಿನಲ್ಲಿ ಅದು ನಿಜ. ಪದವಿನ ಮೇಲಿನ ಹಳೆಯ ಮದಕದ ಹೂಳೆತ್ತುವುದು, ಕೈಬಿಟ್ಟ ಕೋರೆಗೆ ಮಳೆನೀರು ತಿರುಗಿಸುವುದು ಅತ್ಯುತ್ತಮ ಕೆಲಸಗಳು. ಆದರೆ ಕಡಿದಾದ ಇಳಿಜಾರಿನಲ್ಲಿ, ಮನೆಯ ಹಿಂದೆ ಕಡಿದು ನಿಲ್ಲಿಸಿದ ದರೆಯ ಮೇಲೆ, ಇಂಗುಗುಂಡಿ ಮಾಡಬೇಡಿ. ಶೇಡಿ ಮಣ್ಣು ನೀರು ಕುಡಿದಾಗ ಭಾರವಾಗುತ್ತದೆ, ಜಾರುತ್ತದೆ. ಕೆಲವೆಡೆ ನೆಲದೊಳಗೇ ಕೊಳವೆಯಂತೆ ಕೊರೆದುಕೊಂಡು ಹರಿದು ಮೇಲಿನ ಮಣ್ಣನ್ನು ಕುಸಿಯುವಂತೆ ಮಾಡುತ್ತದೆ. ಮೂರು ಗಂಟೆಯಲ್ಲಿ ನೂರು ಮಿಲಿಮೀಟರು ಸುರಿಯುವ ಕಾಲದಲ್ಲಿ ಈ ಅಪಾಯ ನಿಮ್ಮ ತಂದೆಯವರ ಕಾಲಕ್ಕಿಂತ ಹೆಚ್ಚು. ಅಂಥ ಇಳಿಜಾರಿನಲ್ಲಿ ಹುಲ್ಲು, ಪೊದೆ, ಮರಗಳನ್ನು ಬೆಳೆಯಲು ಬಿಡುವುದೇ ಕ್ಷೇಮ. ನಿಮ್ಮ ಸುರಂಗದ ಬಾಯಿಯಲ್ಲಿ ಕುಸಿದ ಮಣ್ಣಿದ್ದರೆ ಅನುಭವಿಗಳಿಂದ ತೆಗೆಸಿ, ಸುರಂಗವನ್ನು ಇನ್ನೂ ಉದ್ದ ಮಾಡುವ ಯೋಚನೆ ಈಗ ಬೇಡ. ಉದ್ದ ಮಾಡಿದರೆ ಗುಡ್ಡೆ ಖಾಲಿಯಾಗುವ ವೇಗ ಹೆಚ್ಚುತ್ತದೆ. ಮೊದಲು ತುಂಬಿಸುವ ಕೆಲಸ ನಡೆಯಲಿ. ರಾತ್ರಿ ಸುಮ್ಮನೆ ಹರಿದುಹೋಗುವ ಸುರಂಗದ ನೀರಿಗೆ ಒಂದು ಸಣ್ಣ ಟಾಂಕಿ ಕಟ್ಟಿಸಿದರೆ ಮಾರ್ಚ್‌ನ ನೂಲಿನಂಥ ಹರಿವೂ ಬೆಳಗ್ಗೆ ಮನೆಖರ್ಚಿಗೆ ಒದಗುತ್ತದೆ.

ಮುಂದಿನ 20-30 ವರ್ಷಗಳ ಪ್ರಶ್ನೆ ಉಳಿದಿದೆ. ಹವಾಮಾನ ಬದಲಾವಣೆಯ ಅಂತರಸರಕಾರಿ ಸಮಿತಿಯ 2021ರ ವರದಿಯ ಪ್ರಕಾರ ಈ ಶತಮಾನದ ಮುಂದಿನ ಭಾಗದಲ್ಲಿ ದಕ್ಷಿಣ ಏಷ್ಯಾದ ಮುಂಗಾರು ಮಳೆ ಒಟ್ಟಾರೆ ಹೆಚ್ಚಲಿದೆ, ಅದರ ಏರಿಳಿತವೂ ಹೆಚ್ಚಲಿದೆ. ಒಂದೊಂದು ಡಿಗ್ರಿಗೆ ದಿನದ ಅತಿಮಳೆಯ ತೀವ್ರತೆ ಸುಮಾರು ಶೇಕಡಾ 7ರಂತೆ ಏರುತ್ತದೆ. ಇದನ್ನು ಓದಿ ನೀರು ಹೆಚ್ಚಾಗುತ್ತದೆಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಹಿಡಿದಿಡುವ ಗುಡ್ಡೆ ಇದೇ ಸ್ಥಿತಿಯಲ್ಲಿದ್ದರೆ ಹೆಚ್ಚಿದ ಮಳೆ ಜುಲೈ-ಆಗಸ್ಟಿನ ಕೆಂಪುನೀರನ್ನಷ್ಟೇ ಹೆಚ್ಚಿಸುತ್ತದೆ, ಫೆಬ್ರವರಿಗೆ ಅದರಿಂದ ಏನೂ ಸಿಗುವುದಿಲ್ಲ. ನೀವು 2016 ಮತ್ತು 2023ರಂಥ ವರ್ಷವನ್ನು ಅಪರೂಪದ್ದೆಂದು ಬದಿಗಿಡದೆ, ಅಂಥ ವರ್ಷದಲ್ಲಿ ಎಷ್ಟು ಮರಗಳಿಗೆ ಹನಿ ನೀರು ಕೊಡಬಹುದು ಎಂಬುದನ್ನೇ ತೋಟದ ಅಳತೆಯಾಗಿ ಇಟ್ಟುಕೊಳ್ಳಿ. ಅದಕ್ಕಿಂತ ಹೆಚ್ಚು ಅಡಿಕೆ ನೆಡಬೇಡಿ. ಉಳಿದ ನೆಲದಲ್ಲಿ ಬೇಸಿಗೆಯ ನೀರು ಕೇಳದ ಗೇರು, ಹಲಸು ಇರಲಿ.

ಹೊಳೆಯ ಮಟ್ಟದಲ್ಲಿ ನಡೆಯಬೇಕಾದ ಕೆಲಸವನ್ನು ಒಬ್ಬ ಕೃಷಿಕ ಮಾಡಲಾರ. ಸುಳ್ಯ ಪಟ್ಟಣ ಕುಡಿಯುವುದೂ ಪಯಸ್ವಿನಿಯನ್ನೇ, ಕಾಸರಗೋಡು ಕುಡಿಯುವುದೂ ಅದನ್ನೇ. ಬೇಸಿಗೆಯಲ್ಲಿ ಮೇಲಿನ ಕಟ್ಟೆಗೆ ಹಲಗೆ ಹಾಕುವ ದಿನ ಕೆಳಗಿನವರಿಗೆ ತಿಳಿದಿರಬೇಕು, ಮಳೆಗಾಲದಲ್ಲಿ ಸಂಪಾಜೆಯಲ್ಲಿ ಬಿದ್ದ ಮಳೆಯ ಅಂಕಿ ಒಂದೆರಡು ಗಂಟೆಯೊಳಗೆ ಮುಳಿಯಾರನ್ನು ಮುಟ್ಟಬೇಕು. ಹೊಳೆಗೆ ಗಡಿ ಗೊತ್ತಿಲ್ಲ, ಕಚೇರಿಗಳಿಗೆ ಗೊತ್ತು. ಎರಡೂ ಭಾಷೆ ಬಲ್ಲ ಗಡಿನಾಡಿನ ಪಂಚಾಯತು ಸದಸ್ಯರು, ಸಹಕಾರಿ ಸಂಘದವರು ಮೊದಲ ಹೆಜ್ಜೆ ಇಟ್ಟರೆ ಇಲಾಖೆಗಳು ಹಿಂದೆ ಬರುತ್ತವೆಂಬುದು ನನ್ನ ನಂಬಿಕೆ.

ಕೊನೆಯದಾಗಿ, ಇಂದಿನಿಂದಲೇ ಮಾಡಬಹುದಾದ ಕೆಲಸವೊಂದಿದೆ. ಒಂದು ಸಾದಾ ಮಳೆಮಾಪಕ ಕೊಂಡು ಪ್ರತಿದಿನ ಬೆಳಗ್ಗೆ ಎಂಟೂವರೆಗೆ ಅಂಕಿ ಬರೆದಿಡಿ. ಜೋರು ಮಳೆ ಬಂದ ದಿನ ಅದು ಎಷ್ಟು ಗಂಟೆಯಲ್ಲಿ ಬಿತ್ತೆಂಬುದನ್ನೂ ಬರೆಯಿರಿ. ತಿಂಗಳ 1 ಮತ್ತು 15ನೇ ತಾರೀಕಿಗೆ, ಪಂಪು ಹಾಕುವ ಮೊದಲು, ಬಾವಿಕಟ್ಟೆಯ ಒಂದೇ ಗುರುತಿನಿಂದ ನೀರಿನವರೆಗಿನ ಆಳವನ್ನು ಟೇಪು ಇಳಿಸಿ ಅಳೆಯಿರಿ. ಸುರಂಗದ ಬಾಯಿಗೆ ಕೊಡಪಾನ ಹಿಡಿದು ಅದು ತುಂಬಲು ಎಷ್ಟು ನಿಮಿಷ ಬೇಕಾಯಿತೆಂದು ಗಡಿಯಾರ ನೋಡಿ ಬರೆಯಿರಿ. ಮೂರು ವರ್ಷಗಳ ಇಂಥ ಪುಸ್ತಕ ಕೈಯಲ್ಲಿದ್ದರೆ, ನಿಮ್ಮ ಗುಡ್ಡೆ ಮಳೆ ನಿಂತ ಮೇಲೆ ಎಷ್ಟು ವಾರ ನೀರು ಕೊಡುತ್ತದೆ, ಕಟ್ಟಕ್ಕೆ ಹಲಗೆ ಹಾಕುವ ಸರಿಯಾದ ವಾರ ಯಾವುದು, ನೆರೆಯ ಕೊಳವೆಬಾವಿಯ ಪಂಪು ಓಡಿದಾಗ ನಿಮ್ಮ ಸುರಂಗ ಇಳಿಯುತ್ತದೆಯೋ ಇಲ್ಲವೋ ಎಂಬುದನ್ನು ಊಹೆಯಿಲ್ಲದೆ ಹೇಳಬಹುದು. ಆ ಅಂಕಿಗಳೊಂದಿಗೆ ಮತ್ತೊಮ್ಮೆ ಬರೆಯಿರಿ, ನಿಮ್ಮ ತೋಟಕ್ಕೆಂದೇ ಲೆಕ್ಕ ಹಾಕಿ ಉತ್ತರಿಸುತ್ತೇನೆ.